ಮೂರನೇ ದಿನಕ್ಕೆ ವಿ.ಬಿ.ಎಸ್. ಮಕ್ಕಳು ಅರ್ಧಕ್ಕಿಳಿದರೆ

ನಿಮ್ಮ ವಿ.ಬಿ.ಎಸ್.ನಲ್ಲಿ (ವೆಕೇಶನ್ ಬೈಬಲ್ ಸ್ಕೂಲ್, ಅಂದರೆ ರಜೆಯಲ್ಲಿ ಚರ್ಚಿನವರು ಮಕ್ಕಳಿಗೆ ನಡೆಸುವ ಬೈಬಲ್ ಶಿಬಿರ) ಮೂರನೇ ದಿನಕ್ಕೆ ಮಕ್ಕಳು 60ರಿಂದ 30ಕ್ಕೆ ಇಳಿದಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದಕ್ಕೆ ಮುಖ್ಯ ಕಾರಣ, ನೀವು ಬರೆದಂತೆ 4ರಿಂದ 15 ವರ್ಷದವರೆಲ್ಲ ಒಂದೇ ಹಾಲ್‌ನಲ್ಲಿ ಕೂರುತ್ತಿರುವುದು. ಚಿಕ್ಕವರಿಗೆ ಪಾಠ ತಲೆಗೆ ಹತ್ತುವುದಿಲ್ಲ, ದೊಡ್ಡವರಿಗೆ ಅಭಿನಯ ಗೀತೆಯೆಂದರೆ ನಾಚಿಕೆ.

ಇವತ್ತು ಸಂಜೆಯೇ ಹಾಜರಿ ಪಟ್ಟಿ ಹಿಡಿದು 4–6, 7–9, 10–12, 13–15 ಎಂದು ವಿಂಗಡಿಸಿ. ಪ್ರತಿ ಗುಂಪಿಗೂ ಒಬ್ಬ ಟೀಚರ್, ಒಬ್ಬ ಸಹಾಯಕರು ಬೇಕೇ ಬೇಕು. ಮಗುವಿನ ಜೊತೆ ದೊಡ್ಡವರು ಒಬ್ಬರೇ ಇರುವ ಸಂದರ್ಭ ಬರಬಾರದು. ಹಾಡು, ಪ್ರಾರ್ಥನೆ ಮಾತ್ರ ಒಟ್ಟಿಗೆ, 20 ನಿಮಿಷ ಸಾಕು. ಪುಟ್ಟವರ ಕಥೆ 10 ನಿಮಿಷ ದಾಟದಿರಲಿ, ಆಮೇಲೆ ಬಣ್ಣ ಹಚ್ಚಿಸಿ. 13 ದಾಟಿದವರಿಗೆ ಸಮಾರೋಪದ ನಾಟಕ ವಹಿಸಿ. ಪಾತ್ರ ಸಿಕ್ಕವರು ಸುಲಭಕ್ಕೆ ತಪ್ಪಿಸುವುದಿಲ್ಲ.

ಬಿಸಿಲೂ ಕಾರಣವಿರಬಹುದು. 8ಕ್ಕೆ ಶುರುಮಾಡಿ 11ಕ್ಕೆ ಬಿಡಿ. ಬಾರದ ಮಕ್ಕಳ ಮನೆಗೆ ಇವತ್ತೇ ಫೋನ್ ಮಾಡಿ ಕೇಳಿ.