ಅಳೆಯಿರಿ, 87ರಿಂದ ಭಾಗಿಸಿ: ಮಾದರಿ ರೈಲು ಕಟ್ಟುವವರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳೆಲ್ಲ ಎಚ್‌ಒ ಅಳತೆಯ ಮಾದರಿಗಳವು. ಅಂದರೆ ನಿಜವಾದ ವಸ್ತುವಿನ 87ರಲ್ಲಿ ಒಂದು ಪಾಲು. ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕವೂ ಅದೇ.

ಪ್ರಶ್ನೆ: ಫ್ಲ್ಯಾಟ್‌ನಲ್ಲಿ 10 ಅಡಿಗೆ 10 ಅಡಿಯ ಕೋಣೆ ಇದೆ. ನಡುವೆ 8x4 ಅಡಿಯ ಪ್ಲೈವುಡ್ ಹಾಳೆ ಇಟ್ಟು ಐಸಿಎಫ್ (ಹಳೆಯ ವಿನ್ಯಾಸದ) ಬೋಗಿಗಳ ಎಕ್ಸ್‌ಪ್ರೆಸ್ ಓಡಿಸಬೇಕೆಂದಿದ್ದೇನೆ. ನಮ್ಮ ಬ್ರಾಡ್‌ಗೇಜ್‌ಗೆ ಎಚ್‌ಒ ಹಳಿ ಕಿರಿದು ಅನ್ನುತ್ತಾರೆ, ಹೌದೇ? (ಜಯನಗರ)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಹೌದು, ಕಿರಿದು. ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ, ಬ್ರಾಡ್‌ಗೇಜ್‌ನಲ್ಲಿ ಅದು 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ. ಮಾತ್ರ. ಪಕ್ಕದಿಂದ ನೋಡಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ರೈಲು ಎದುರಿನಿಂದ ಬಂದಾಗ ಮಾತ್ರ ಕಾಣುತ್ತದೆ. ಹೆಚ್ಚಿನವರು ಇದನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ, ನೀವೂ ಹಾಗೆಯೇ ಮಾಡಬಹುದು. ಗೇಜ್ ಕರಾರುವಾಕ್ಕಾಗಿಯೇ ಇರಬೇಕೆಂದರೆ ಬೆಂಗಳೂರಿನವರಿಗೆ ಬೇರೆ ದಾರಿಗಳಿವೆ. ನಮ್ಮ ಮೆಟ್ರೋ ಓಡುವುದು 1,435 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್‌ನಲ್ಲಿ, ಅದನ್ನು 87ರಿಂದ ಭಾಗಿಸಿದರೆ ಸರಿಯಾಗಿ 16.5. ಚಿಕ್ಕಬಳ್ಳಾಪುರದ ಕಡೆಗಿದ್ದ ಹಳೆಯ ನ್ಯಾರೋಗೇಜ್ 762 ಮಿ.ಮೀ., ಭಾಗಿಸಿದರೆ 8.8. ಎನ್ ಅಳತೆಯ (ಎಚ್‌ಒಗಿಂತ ಚಿಕ್ಕ ಮಾದರಿಗಳ) 9 ಮಿ.ಮೀ. ಹಳಿ ಅದಕ್ಕೆ ಹೊಂದುತ್ತದೆ. ಮೈಸೂರು ದಾರಿಯ ಹಳೆಯ ಮೀಟರ್‌ಗೇಜ್ ಮಾಡುವುದಾದರೆ 12 ಮಿ.ಮೀ. ಹಳಿ ಬೇಕು.

ಇನ್ನು 8x4 ಹಾಳೆ. ಐಸಿಎಫ್ ಬೋಗಿಯ ಉದ್ದ 21.3 ಮೀಟರ್, ಮಾದರಿಯಲ್ಲಿ 245 ಮಿ.ಮೀ. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಕನಿಷ್ಠ ಎರಡೂವರೆ ಪಟ್ಟು ಇದ್ದರೆ ಓಟ ಸರಾಗ, ಅಂದರೆ 610 ಮಿ.ಮೀ. ನಾಲ್ಕಡಿ ಹಾಳೆಯಲ್ಲಿ ಅಂಚು ಬಿಟ್ಟರೆ ಸಿಗುವುದು 550 ಮಾತ್ರ. ಬೋಗಿಯ ಮೂಲೆಗಳು ಹಳಿಯಿಂದಾಚೆ ಚಾಚುತ್ತವೆ, ಬೋಗಿಗಳನ್ನು ಜೋಡಿಸುವ ಕಪ್ಲರ್‌ಗಳು ಒಂದನ್ನೊಂದು ಪಕ್ಕಕ್ಕೆ ಎಳೆದು ಹಗುರವಾದ ಬೋಗಿ ಹಳಿ ತಪ್ಪುತ್ತದೆ. ಹೊಸ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗೆ (270 ಮಿ.ಮೀ.) ಇದು ಇನ್ನೂ ಕಷ್ಟ. ಅದೇ ಹಾಳೆಯಲ್ಲಿ ಗೂಡ್ಸ್ ಮಾತ್ರ ಚೆನ್ನಾಗಿ ಓಡುತ್ತದೆ. ಬಾಕ್ಸ್‌ಎನ್ (ಮೇಲ್ಭಾಗ ತೆರೆದ) ವ್ಯಾಗನ್ ಕೇವಲ 123 ಮಿ.ಮೀ., 438 ಮಿ.ಮೀ. ತ್ರಿಜ್ಯದಲ್ಲೂ ತೊಂದರೆ ಕೊಡುವುದಿಲ್ಲ.

ಎಕ್ಸ್‌ಪ್ರೆಸ್ಸೇ ಬೇಕಾದರೆ ಹಾಳೆಯನ್ನು ಕೋಣೆಯ ನಡುವೆ ಇಡುವ ಯೋಚನೆ ಬಿಡಿ. ಗೋಡೆಗುಂಟ ಸುತ್ತಲೂ ಎರಡಡಿ ಅಗಲದ ಬೋರ್ಡು ಕಟ್ಟಿ, ನಾಲ್ಕು ಮೂಲೆಗಳಲ್ಲಿ ತ್ರಿಕೋನದ ತುಂಡು ಸೇರಿಸಿದರೆ 700 ಮಿ.ಮೀ. ತ್ರಿಜ್ಯ ಆರಾಮಾಗಿ ಬರುತ್ತದೆ. ಬಾಗಿಲ ಬಳಿ ಎತ್ತಿಡುವಂಥ ತುಂಡು ಇರಲಿ. ಎರಡಡಿಗಿಂತ ಅಗಲ ಬೇಡ, ಹಿಂದಿನ ಹಳಿಗೆ ಕೈ ಎಟುಕುವುದಿಲ್ಲ. ಬೋರ್ಡನ್ನು 4x2 ಅಡಿಯ ತುಂಡುಗಳಾಗಿ ಮಾಡಿ ಬೋಲ್ಟ್ ಹಾಕಿ ಜೋಡಿಸಿ. ಬಾಡಿಗೆ ಮನೆ ಬದಲಿಸುವಾಗ ಲಿಫ್ಟ್‌ನಲ್ಲಿ ಹಿಡಿಯಬೇಕಲ್ಲ. 9 ಮಿ.ಮೀ. ಬಿಡಬ್ಲ್ಯೂಆರ್ (ನೀರು ತಡೆಯುವ) ಪ್ಲೈ, ಕೆಳಗೆ 2x1 ಇಂಚಿನ ಮರದ ರೀಪರ್ ಚೌಕಟ್ಟು, 40 ಸೆಂ.ಮೀ.ಗೊಂದು ಅಡ್ಡಪಟ್ಟಿ ಸಾಕು. ಪ್ಲೈಯ ಎರಡೂ ಮುಖಕ್ಕೆ, ಅಂಚಿಗೂ ಪೇಂಟ್ ಹೊಡೆಯಿರಿ. ಮೇಲ್ಮುಖಕ್ಕೆ ಮಾತ್ರ ಹೊಡೆದರೆ ಮಳೆಗಾಲದಲ್ಲಿ ಕೆಳಮುಖ ತೇವ ಹೀರಿ ಹಾಳೆ ಸೊಟ್ಟಗಾಗುತ್ತದೆ.

ಪ್ರಶ್ನೆ: ಹಳಿಗೆ ಜಲ್ಲಿಯಾಗಿ ಎಂ-ಸ್ಯಾಂಡ್ ಹಾಕಿದೆ. ಫೆವಿಕಾಲ್ ನೀರು ಬಿಟ್ಟಲ್ಲೆಲ್ಲ ಗುಳಿ ಬಿತ್ತು. ಒಣಗಿದ ಮೇಲೆ ಪಾಯಿಂಟ್ (ಹಳಿ ಕವಲೊಡೆಯುವ ತುಂಡು) ಅಲ್ಲಾಡುತ್ತಿಲ್ಲ. ನೋಡಲೂ ಬಂಡೆ ಸುರಿದ ಹಾಗಿದೆ. ಎಲ್ಲಿ ತಪ್ಪಿದೆ? (ರಾಜಾಜಿನಗರ)

ಉತ್ತರ: ನೀವು ಆರಿಸಿದ ವಸ್ತು ಸರಿಯಾಗಿಯೇ ಇದೆ. ನಮ್ಮ ಎಂ-ಸ್ಯಾಂಡ್ ಗ್ರಾನೈಟ್ ಪುಡಿಯೇ, ಬಣ್ಣವೂ ರೈಲ್ವೆ ಜಲ್ಲಿಯದೇ. ತಪ್ಪಿದ್ದು ಕಾಳಿನ ಗಾತ್ರದಲ್ಲಿ. ರೈಲ್ವೆ ಹಾಕುವುದು 65ರಿಂದ 20 ಮಿ.ಮೀ.ವರೆಗಿನ ಜಲ್ಲಿ. ಭಾಗಿಸಿದರೆ 0.75ರಿಂದ 0.23 ಮಿ.ಮೀ. ಎಂ-ಸ್ಯಾಂಡ್‌ನಲ್ಲಿ 4.75 ಮಿ.ಮೀ. ಕಾಳೂ ಇರುತ್ತದೆ. ಅದು ನಿಜವಾದ ಹಳಿಯ ಪಕ್ಕದಲ್ಲಿ 40 ಸೆಂ.ಮೀ. ಕಲ್ಲು ಇಟ್ಟಂತೆ! 600 ಮೈಕ್ರಾನ್ ಜರಡಿಯಲ್ಲಿ ಇಳಿದು 300 ಮೈಕ್ರಾನ್ ಜರಡಿಯಲ್ಲಿ ನಿಂತದ್ದನ್ನು ಮಾತ್ರ ಇಟ್ಟುಕೊಳ್ಳಿ. ಆಮೇಲೆ ಬಕೆಟ್‌ನಲ್ಲಿ ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು, ಒಂದು ದಿನ ಪೂರ್ತಿ ಬಿಸಿಲಿಗೆ ಹರವಿ. ಒಣಗಿದ ಮೇಲೆ ಅಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮರಳಿನ ಮೇಲೆಲ್ಲ ಆಡಿಸಿ. ಕಪ್ಪು ಪುಡಿ ಅಂಟಿಕೊಂಡು ಬಂದರೆ ಅದರಲ್ಲಿ ಕಬ್ಬಿಣದ ಅಂಶವಿದೆ ಎಂದರ್ಥ. ಅದು ಹಾಗೇ ಉಳಿದರೆ ಇಂಜಿನ್ ಮೋಟಾರಿನ ಅಯಸ್ಕಾಂತ ಎಳೆದುಕೊಳ್ಳುತ್ತದೆ, ಮೋಟಾರು ಕೆಡುತ್ತದೆ. ಈ ಹಂತವನ್ನು ಬಿಡಲೇಬೇಡಿ. ಒಂದು ಮೀಟರ್ ಹಳಿಗೆ ಸುಮಾರು 150ರಿಂದ 200 ಗ್ರಾಂ ಮರಳು ಬೇಕಾಗುತ್ತದೆ.

ಗುಳಿ ಬೀಳಲು ಕಾರಣ ನೀರಿನ ಮೇಲ್ಮೈ ಸೆಳೆತ. ಒಣ ಮರಳಿನ ಮೇಲೆ ಬಿದ್ದ ಹನಿ ಒಳಗಿಳಿಯದೆ ಗುಂಡಗೆ ನಿಂತು, ಸುತ್ತಲಿನ ಕಾಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅದಕ್ಕೇ ಮೊದಲು ನೆನೆಸಬೇಕು. ಮರಳನ್ನು ಚಮಚದಲ್ಲಿ ಹಾಕಿ, ಅರ್ಧ ಇಂಚಿನ ಚಪ್ಪಟೆ ಬ್ರಷ್‌ನಲ್ಲಿ ಸರಿಪಡಿಸಿ, ಸ್ಲೀಪರ್ (ಹಳಿಯಡಿಯ ಅಡ್ಡಪಟ್ಟಿ) ಮೇಲೆ ಒಂದು ಕಾಳೂ ಉಳಿಯದಂತೆ ಬ್ರಷ್ಷಿನ ಹಿಡಿಯಿಂದ ಹಳಿಯನ್ನು ಮೆಲ್ಲಗೆ ತಟ್ಟಿ. ಹಳಿಯ ಒಳಪಕ್ಕಕ್ಕೆ ಅಂಟಿದ ಕಾಳು ಚಕ್ರದ ಅಂಚಿಗೆ ತಗಲುತ್ತದೆ, ಅದನ್ನೂ ಬಿಡಿಸಿ. ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಬೆರೆಸಿದ ಒಂದು ಲೀಟರ್ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ, ಒಂದಡಿ ಮೇಲಿನಿಂದ ಮಂಜಿನ ಹಾಗೆ ಬೀಳಿಸಿ. ಹತ್ತಿರದಿಂದ ಹೊಡೆದರೆ ಮಾಡಿದ ಕೆಲಸವೆಲ್ಲ ಹಾರಿಹೋಗುತ್ತದೆ. ಮರಳು ಕಪ್ಪಗೆ ನೆನೆದ ಮೇಲೆ, ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಕಲಸಿ ಸೂಜಿಯಿಲ್ಲದ ಸಿರಿಂಜ್‌ನಿಂದ ಎರಡು ಹಳಿಗಳ ನಡುವೆ ಬಿಡಿ. ಕಾಳುಗಳ ಸಂದಿಯಲ್ಲಿ ಹಾಲಿನ ಬಿಳುಪು ಕಾಣುವವರೆಗೆ ಬಿಟ್ಟರೆ ಸಾಕು. ಹಳಿಯ ತಲೆಯನ್ನು ಆಗಲೇ ಒರೆಸಿ. ಒಂದು ದಿನ ಮುಟ್ಟಬೇಡಿ. ಜಡಿಮಳೆಯ ದಿನಗಳಲ್ಲಾದರೆ ಎರಡು ದಿನ.

ಪಾಯಿಂಟ್ ಉಳಿಸಿಕೊಳ್ಳಬಹುದು. ಮಾಮೂಲಿ ಫೆವಿಕಾಲ್ ಒಣಗಿದ ಮೇಲೂ ಬಿಸಿನೀರಿಗೆ ಮೆತ್ತಗಾಗುತ್ತದೆ. ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಹದಿನೈದು ನಿಮಿಷ ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಿ. ನೀರಿಗೆ ಜಗ್ಗದ ಮೆರೈನ್ ಫೆವಿಕಾಲ್ ಬಳಸಿದ್ದರೆ ಮಾತ್ರ ಹಳಿಯೂ ಪಾಯಿಂಟೂ ಹೋದಂತೆಯೇ. ಆದ್ದರಿಂದ ಜಲ್ಲಿಗೆ ಅದನ್ನು ಬಳಸಬೇಡಿ. ಮುಂದಿನ ಸಲ, ಪಾಯಿಂಟಿನ ಸರಿಯುವ ನಾಲಿಗೆಗಳ ಕೆಳಗೆ ಮರಳನ್ನೇ ಹಾಕಬೇಡಿ. ಆ ಜಾಗಕ್ಕೆ ಮೊದಲೇ ಜಲ್ಲಿ ಬಣ್ಣ ಬಳಿದಿಡಿ. ಪಕ್ಕದಲ್ಲಿ ಅಂಟು ಬಿಟ್ಟ ಮೇಲೆ ಎರಡು ತಾಸು, ಹತ್ತು ನಿಮಿಷಕ್ಕೊಮ್ಮೆ ಪಾಯಿಂಟನ್ನು ಆಚೀಚೆ ತಿರುಗಿಸುತ್ತಿರಿ.

ಪ್ರಶ್ನೆ: 8x4 ಹಾಳೆಯಲ್ಲಿ ಒಂದು ಹಳಿ ಇನ್ನೊಂದರ ಮೇಲೆ ಹಾಯುವಂತೆ ಘಾಟಿ ಮಾಡಬಹುದೇ? (ಮಲ್ಲೇಶ್ವರ)

ಉತ್ತರ: ಬೇಡ. ಕೆಳಗಿನ ರೈಲು ನುಸುಳಲು 75 ಮಿ.ಮೀ., ಸೇತುವೆಯ ದಪ್ಪ ಸೇರಿ 90 ಮಿ.ಮೀ. ಏರಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1. ಆ ಏರಿನಲ್ಲಿ 90 ಮಿ.ಮೀ. ಮೇಲೇರಲು ನಾಲ್ಕೂವರೆ ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ. ಆ ಹಾಳೆಯ ಒಂದು ಸುತ್ತು ಸುಮಾರು ಆರು ಮೀಟರ್. 30ಕ್ಕೆ 1 ಮಾಡಿದರೆ ಜಾಗ ಸಾಲುತ್ತದೆ, ಆದರೆ ತಿರುವಿನಲ್ಲಿ ಏರುವಾಗ ಇಂಜಿನ್ ಚಕ್ರ ಜಾರುತ್ತದೆ. ಹಳಿಯನ್ನು ಸಮತಟ್ಟಾಗಿಯೇ ಇಟ್ಟು ಪಕ್ಕದ ನೆಲವನ್ನು ಎತ್ತರಿಸಿ, ತಗ್ಗಿಸಿ. ಘಾಟಿಯ ನೋಟ ಬರುವುದು ಅದರಿಂದ.

ಪ್ರಶ್ನೆ: ಇಂಜಿನ್ ಒಂದು ಬದಿಯಲ್ಲಿ ಜೋರು, ಆಚೆ ಬದಿಯಲ್ಲಿ ನಿಧಾನ. ಪಾಯಿಂಟ್ ಮೇಲೆ ನಿಂತೇ ಬಿಡುತ್ತದೆ. ಸ್ಯಾಂಡ್‌ಪೇಪರ್‌ನಿಂದ ಉಜ್ಜಿದೆ, ಎರಡು ದಿನ ಸರಿಯಿದ್ದು ಮತ್ತೆ ಅದೇ. (ಯಲಹಂಕ)

ಉತ್ತರ: ಇಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ.

ಆಚೆ ಬದಿಯಲ್ಲಿ ನಿಧಾನವಾಗುವುದು ವೋಲ್ಟೇಜ್ ಇಳಿಯುವುದರಿಂದ. ಒಂದೇ ಕಡೆ ವೈರ್ ಕೊಟ್ಟಿದ್ದರೆ ಕರೆಂಟು ಪ್ರತಿ ಜಾಯಿಂಟ್ ದಾಟಿ ಹೋಗಬೇಕು, ಪ್ರತಿ ಜಾಯಿಂಟಿನಲ್ಲೂ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. ಮೀಟರ್ ಇಟ್ಟು ನೋಡಿದರೆ ಪೂರ್ತಿ ವೋಲ್ಟೇಜ್ ತೋರಿಸಬಹುದು, ಅದನ್ನು ನಂಬಬೇಡಿ. 12 ವೋಲ್ಟ್, 5 ವಾಟ್‌ನ ಗಾಡಿ ಬಲ್ಬೊಂದನ್ನು ಹಳಿಗೆ ಸೇರಿಸಿ ಉರಿಸುತ್ತಾ ಅಳೆಯಿರಿ, ಆಗ ನಿಜ ತಿಳಿಯುತ್ತದೆ. ಬೋರ್ಡಿನ ಕೆಳಗೆ ಸುತ್ತಲೂ 1.5 ಚದರ ಮಿ.ಮೀ. ಮನೆ ವೈರ್ ಎರಡು ಬಣ್ಣದಲ್ಲಿ ಎಳೆದು, ಪ್ರತಿಯೊಂದು ಹಳಿ ತುಂಡಿನಿಂದಲೂ ಸಣ್ಣ ವೈರ್ ಇಳಿಸಿ ಅದಕ್ಕೆ ಸೇರಿಸಿ. ವೈರ್, ಬಲ್ಬು, ಬೆಸುಗೆ ಸಾಮಾನು ಎಲ್ಲಾ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿಗೆ ಸಿಗುತ್ತದೆ. 25 ವಾಟ್ ಐರನ್, ರೋಸಿನ್ ಫ್ಲಕ್ಸ್ ಇರಲಿ, ಆಸಿಡ್ ಫ್ಲಕ್ಸ್ ಹಳಿಯನ್ನು ತಿನ್ನುತ್ತದೆ. ಬೆಸೆಯುವ ಜಾಗದ ಎರಡೂ ಪಕ್ಕ ಒದ್ದೆ ಹತ್ತಿ ಇಟ್ಟರೆ ಪ್ಲಾಸ್ಟಿಕ್ ಸ್ಲೀಪರ್ ಕರಗುವುದಿಲ್ಲ.

ಪಾಯಿಂಟ್ ಮೇಲೆ ನಿಲ್ಲುವುದು ಹಳಿಗಳು ಕೂಡುವ ನಡುವಿನ ಮೂತಿ ಪ್ಲಾಸ್ಟಿಕ್ ಆಗಿರುವುದರಿಂದ. ಚಿಕ್ಕ ಇಂಜಿನ್‌ನ ಚಕ್ರಗಳಿಗೆ ಅಲ್ಲಿ ಕರೆಂಟು ಸಿಗುವುದಿಲ್ಲ. ಲೋಹದ ಮೂತಿಯ ಪಾಯಿಂಟ್ ಹಾಕಿ, ಪಾಯಿಂಟ್ ತಿರುಗಿದಂತೆ ಮೂತಿಯ ಧ್ರುವವೂ ಬದಲಾಗುವ ಸ್ವಿಚ್ ಕೊಡಿ.

ಇನ್ನು ಸ್ಯಾಂಡ್‌ಪೇಪರ್ ಬಿಸಾಡಿ. ಅದು ಎಳೆದ ಗೀರುಗಳಲ್ಲೇ ಕೊಳೆ ಕೂರುತ್ತದೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಪ್ಲಾಸ್ಟಿಕ್ ಚಕ್ರದ ಬೋಗಿಗಳಿದ್ದರೆ ಲೋಹದ ಚಕ್ರಕ್ಕೆ ಬದಲಿಸಿ, ಕಪ್ಪು ಮಸಿ ಅರ್ಧಕ್ಕರ್ಧ ಅಲ್ಲಿಂದಲೇ ಬರುತ್ತದೆ. ಕೊನೆಗೆ ಒಂದು ರೂಪಾಯಿ ನಾಣ್ಯವನ್ನು ಅಲ್ಲಲ್ಲಿ ಎರಡು ಹಳಿಗೂ ತಾಗುವಂತೆ ಇಟ್ಟು ನೋಡಿ. ಇಟ್ಟ ಕ್ಷಣವೇ ಹಳಿಗೆ ಕರೆಂಟು ಕೊಡುವ ಕಂಟ್ರೋಲರ್ ಟ್ರಿಪ್ ಆಗಬೇಕು. ಎಲ್ಲಿ ಆಗಲಿಲ್ಲವೋ ಅಲ್ಲಿಯ ವೈರಿಂಗ್ ಸಾಲದು, ಹಳಿ ತಪ್ಪಿದ ದಿನ ಬೋಗಿ ಕರಗುವುದು ಅಲ್ಲಿಯೇ.

ಪ್ರಶ್ನೆ: ಎಲ್ಲ ಮುಗಿದಿದೆ, ಸ್ಟೇಷನ್, ಮರ, ಹೊಲ ಎಲ್ಲಾ ಇದೆ. ಆದರೂ ಆಟಿಕೆಯಂತೆ ಕಾಣುತ್ತದೆ. (ಮಲ್ಲತ್ತಹಳ್ಳಿ)

ಉತ್ತರ: ಕಳಿಸಿದ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಪ್ಲಾಟ್‌ಫಾರ್ಮ್. ಬಾಗಿಲಿನ ಅರ್ಧಕ್ಕೆ ಬಂದಿದೆ. ಎತ್ತರದ ಪ್ಲಾಟ್‌ಫಾರ್ಮ್ ಹಳಿಯ ತಲೆಯಿಂದ 760ರಿಂದ 840 ಮಿ.ಮೀ. ಇರುತ್ತದೆ, ಮಾದರಿಯಲ್ಲಿ 9 ಮಿ.ಮೀ. ಅಳೆಯುವುದು ಹಳಿಯ ತಲೆಯಿಂದ, ಬೋರ್ಡಿನಿಂದಲ್ಲ. ಎರಡನೆಯದು ಮರ. ನಿಮ್ಮ ಮಳೆಮರಗಳು 8 ಸೆಂ.ಮೀ., ಅಂದರೆ ನಿಜದಲ್ಲಿ 7 ಮೀಟರ್. 20 ಮೀಟರಿನ ಮಳೆಮರ ಮಾದರಿಯಲ್ಲಿ 23 ಸೆಂ.ಮೀ. ಆಗಬೇಕು, ಹರವು ಅದಕ್ಕಿಂತ ಹೆಚ್ಚು. ಹಳೆಯ ಕೇಬಲ್‌ನ ತಾಮ್ರದ ಎಳೆ ಹೊಸೆದು ಅಂಥ ನಾಲ್ಕು ಮರ ಮಾಡಿ, ಈಗಿರುವ ನಲವತ್ತನ್ನು ತೆಗೆಯಿರಿ. ಮೂರನೆಯದು ಹೊಳಪು. ಹಳಿಯ ತಲೆ ಮಾತ್ರ ಹೊಳೆಯಬೇಕು, ಪಕ್ಕಗಳಿಗೆ ಕಡು ಕಂದು ಬಣ್ಣ. ಕಿತ್ತಳೆ ಬೇಡ, ಓಡಾಟದ ಹಳಿಯ ತುಕ್ಕು ಆ ಬಣ್ಣದ್ದಲ್ಲ. ಕಟ್ಟಡ, ಬೋಗಿಗಳಿಗೆಲ್ಲ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಥರ್ಮೋಕೋಲ್ ಗುಡ್ಡದ ಹತ್ತಿರ ಮಾತ್ರ ಸ್ಪ್ರೇ ಡಬ್ಬಿ ಒಯ್ಯಬೇಡಿ, ಅದರ ಸಾಲ್ವೆಂಟ್‌ಗೆ ಗುಡ್ಡ ಕರಗುತ್ತದೆ.

ನಾಮಫಲಕ ಹಳದಿಯ ಮೇಲೆ ಕಪ್ಪು ಅಕ್ಷರ, ಮೇಲೆ ಕನ್ನಡ, ಆಮೇಲೆ ಹಿಂದಿ, ಇಂಗ್ಲಿಷ್. ನಿಮ್ಮದರಲ್ಲಿ ಕನ್ನಡ ಕೆಳಗಿದೆ. ಅಳತೆ, ಚಿತ್ರ ಏನಿದ್ದರೂ ಪ್ಲಾಟ್‌ಫಾರ್ಮ್ ಮೇಲಿನಿಂದಲೇ ತೆಗೆದುಕೊಳ್ಳಿ. ಹಳಿಗೆ ಇಳಿಯುವುದು ಅಪಾಯ, 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಹಳೆಯ ಬೋಗಿಗಳನ್ನು ಹತ್ತಿರದಿಂದ ನೋಡಲು ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ.

ಇದೆಲ್ಲಕ್ಕಿಂತ ದೊಡ್ಡ ಎಡವಟ್ಟು ಋತುವಿನದು. ಸ್ಟೇಷನ್ ಪಕ್ಕ ಟಬೂಬಿಯಾ ಮರ ಗುಲಾಬಿ ಬಣ್ಣದಲ್ಲಿ ಅರಳಿದೆ, ಆಚೆ ರಾಗಿ ಹೊಲ ಹಸಿರಾಗಿದೆ. ಟಬೂಬಿಯಾ ಮೈತುಂಬ ಅರಳುವ ಹೊತ್ತಿಗೆ ಮಳೆಗಾಲದ ರಾಗಿ ಕೊಯ್ದು ಕಣ ಮುಗಿದಿರುತ್ತದೆ, ಹೊಲದಲ್ಲಿ ಕೂಳೆ ಮಾತ್ರ. ಒಂದು ತಿಂಗಳು ಆರಿಸಿಕೊಳ್ಳಿ. ಸೆಪ್ಟೆಂಬರ್ ಎಂದಾದರೆ ಹೂವು ತೆಗೆದು, ತೆಂಗಿನ ನಾರನ್ನು 8ರಿಂದ 10 ಮಿ.ಮೀ. ಕತ್ತರಿಸಿ ಹಸಿರು ಬಣ್ಣದಲ್ಲಿ ಅದ್ದಿ ಸಾಲಾಗಿ ನೆಡಿ, ರಾಗಿ ಪೈರು ಸಿದ್ಧ. ಫೆಬ್ರವರಿ ಎಂದಾದರೆ ನಾರನ್ನು ಬಣ್ಣ ಹಾಕದೆ 2 ಮಿ.ಮೀ.ಗೆ ಕತ್ತರಿಸಿ. ನೆಲಕ್ಕೆ ನಿಜವಾದ ಕೆಂಪು ಮಣ್ಣೇ ಚೆಂದ. ಹುಳದ ಮೊಟ್ಟೆ ಸಾಯಲು ಹಳೆಯ ಬಾಣಲೆಯಲ್ಲಿ ಹುರಿದು, ಸಣ್ಣ ಜರಡಿ ಹಿಡಿಯಿರಿ. ಅಂಟು ತಾಗಿದರೆ ಈ ಮಣ್ಣು ಒಣಗಿದ ಮೇಲೂ ಕಪ್ಪಾಗಿಯೇ ಉಳಿಯುತ್ತದೆ. ಬೇಕಾದ್ದಕ್ಕಿಂತ ತಿಳಿಯಾದ ಮಣ್ಣು ತಂದು, ಒಂದು ತುಂಡು ಪ್ಲೈ ಮೇಲೆ ಅಂಟಿಸಿ, ಮಾರನೆಯ ದಿನ ಬಣ್ಣ ನೋಡಿದ ಮೇಲೆಯೇ ಮಾದರಿಗೆ ಹಾಕಿ.