ಲಾಭವಿದೆ, ಗಲ್ಲಾ ಖಾಲಿ: ರೊಟ್ಟಿ ಉದ್ಯಮದ ಒಂದು ಆಪ್ತಸಲಹೆ ಪ್ರಕರಣ

ಹುಬ್ಬಳ್ಳಿ–ಧಾರವಾಡ ಭಾಗದ ಒಂದು ಕುಟುಂಬ ತನ್ನ ವ್ಯಾಪಾರದ ಹಣಕಾಸಿನ ಬಗ್ಗೆ ಸಲಹೆ ಕೇಳಿ ಬಂದಿತ್ತು. ಗುರುತು ಸಿಗದಂತೆ ಕೆಲವು ವಿವರಗಳನ್ನೂ ಅಂಕಿಗಳನ್ನೂ ಬದಲಿಸಿದ್ದೇನೆ. ಲೆಕ್ಕದ ಸ್ವರೂಪ ಮಾತ್ರ ಇದ್ದಂತೆಯೇ ಇದೆ. ಗಂಡ, ಹೆಂಡತಿ ಮತ್ತು ಗಂಡನ ತಮ್ಮ ಸೇರಿ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ತಯಾರಿಸಿ ಮಾರುತ್ತಾರೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಉಸ್ತುವಾರಿ ಹೆಂಡತಿಯದು, ಪಾರ್ಟಿಗಳೊಂದಿಗಿನ, ಅಂದರೆ ಮಾಲು ಕೊಳ್ಳುವ ಅಂಗಡಿ-ವಿತರಕರೊಂದಿಗಿನ, ವ್ಯವಹಾರ ಗಂಡನದು, ಟೆಂಪೋದಲ್ಲಿ ಮಾಲು ಮುಟ್ಟಿಸಿ ವಸೂಲಿ ತರುವುದು ಮೈದುನನದು.

"ಸರ್, ಮಾಲೂ ಉಳಿಯೂದಿಲ್ಲ, ರೊಕ್ಕಾನೂ ಉಳಿಯೂದಿಲ್ಲ" ಎಂಬುದು ಹೆಂಡತಿಯ ದೂರು. ಒಂದೇ ವರ್ಷದಲ್ಲಿ ತಿಂಗಳ ಮಾರಾಟ ಮೂರೂವರೆ ಲಕ್ಷದಿಂದ ಆರು ಲಕ್ಷಕ್ಕೆ ಏರಿತ್ತು, ತೆರಿಗೆ ಸಲಹೆಗಾರರು ಮಾಡಿಕೊಟ್ಟ ಲಾಭ-ನಷ್ಟದ ಪಟ್ಟಿ 7,20,000 ರೂಪಾಯಿ ಲಾಭ ತೋರಿಸುತ್ತಿತ್ತು, ಆದರೂ ಆಕೆಯ ಬಂಗಾರ ನಾಲ್ಕು ಲಕ್ಷಕ್ಕೆ ಅಡವಿಗೆ ಹೋಗಿತ್ತು. ವಸೂಲಿಯ ಹಣ ಮೈದುನನ ಕೈಯಲ್ಲೇ ಸೋರುತ್ತಿದೆ ಎಂದು ಆಕೆ ನಂಬಿದ್ದರು. ಗಂಡ ಅದನ್ನು ಒಪ್ಪದಿದ್ದರೂ ಬೇರೆ ಉತ್ತರ ಅವರ ಬಳಿ ಇರಲಿಲ್ಲ. "ತಮ್ಮನ ಮ್ಯಾಲೆ ಸಂಶೆ ಮಾಡಿದ್ರ ಮನಿ ಒಡೀತೈತ್ರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಮನೆಮಂದಿಯೇ ನಡೆಸುವ ವ್ಯಾಪಾರಗಳಲ್ಲಿ ಹೀಗಾಗುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಹಣ ಎಲ್ಲಿ ಹೋಯಿತೆಂದು ಹೇಳುವ ಕಿರ್ದಿ (ದಿನದಿನದ ನಗದು ಪುಸ್ತಕ) ಇಲ್ಲದಿದ್ದಾಗ ಆ ಪ್ರಶ್ನೆಗೆ ಯಾರಾದರೂ ಒಬ್ಬರ ಹೆಸರು ಉತ್ತರವಾಗಿಬಿಡುತ್ತದೆ, ಮತ್ತು ಆ ಹೆಸರು ಸಾಮಾನ್ಯವಾಗಿ ನಗದು ಮುಟ್ಟುವವನದಾಗಿರುತ್ತದೆ.

ಆದ್ದರಿಂದ ಸಂಬಂಧಗಳ ಮಾತನ್ನು ಬದಿಗಿಟ್ಟು, ಹಿಂದಿನ ಮಾರ್ಚ್ 31 ಮತ್ತು ಈ ಮಾರ್ಚ್ 31ರ ಎರಡು ಅಢಾವೆ ಪತ್ರಿಕೆಗಳನ್ನು (ಆ ದಿನದ ಆಸ್ತಿ, ಸಾಲಗಳ ಪಟ್ಟಿಗಳನ್ನು) ಮೂವರ ಮುಂದೆಯೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡೆವು. ಲಾಭ-ನಷ್ಟದ ಪಟ್ಟಿ ವರ್ಷದ ದುಡಿಮೆಯನ್ನು ಹೇಳುತ್ತದೆ. ದುಡಿದದ್ದು ಈಗ ಯಾವ ರೂಪದಲ್ಲಿ, ಯಾರ ಬಳಿ ಇದೆ ಎಂಬುದನ್ನು ಅಢಾವೆ ಪತ್ರಿಕೆಯೇ ಹೇಳಬೇಕು. ಸಣ್ಣ ವ್ಯಾಪಾರಿಗಳು ಮೊದಲನೆಯದರ ಕೊನೆಯ ಸಾಲನ್ನು ಮಾತ್ರ ಓದಿ ಎರಡನೆಯದನ್ನು ಬ್ಯಾಂಕಿನವರಿಗೆಂದು ಎತ್ತಿಡುವುದು ರೂಢಿಯಾಗಿದೆ.

ಲೆಕ್ಕ ಹೀಗೆ ಬಿಚ್ಚಿಕೊಂಡಿತು. ಲಾಭ 7,20,000. ಯಂತ್ರಗಳ ಸವಕಳಿ (ಬಳಕೆಯಿಂದ ಕುಗ್ಗುವ ಬೆಲೆ) ಎಂದು ಕಳೆದಿದ್ದ 1,20,000 ರೂಪಾಯಿ ಪುಸ್ತಕದ ಖರ್ಚೇ ಹೊರತು ಆ ವರ್ಷ ಗಲ್ಲಾದಿಂದ ಹೊರಗೆ ಹೋದ ಹಣವಲ್ಲವಾದ್ದರಿಂದ ಅದನ್ನು ಮರಳಿ ಕೂಡಿಸಿದಾಗ 8,40,000 ಆಯಿತು. ಇತ್ತ, ಹಿಂದಿನ ವರ್ಷ ಎರಡು ಲಕ್ಷವಿದ್ದ ಪಾರ್ಟಿಗಳ ಬಾಕಿ ಒಂಬತ್ತು ಲಕ್ಷಕ್ಕೆ ಬೆಳೆದಿತ್ತು. ಅಂದರೆ ಏಳು ಲಕ್ಷ ರೂಪಾಯಿ ಸೂಪರ್ ಮಾರ್ಕೆಟ್‌ಗಳ ಮತ್ತು ವಿತರಕರ ಪುಸ್ತಕಗಳಲ್ಲಿ ಕುಳಿತಿತ್ತು. ಸುಗ್ಗಿಯಲ್ಲಿ ಕೊಂಡ ಜೋಳ, ಶೇಂಗಾದಿಂದ ದಾಸ್ತಾನು ಒಂದು ಲಕ್ಷ ಏರಿತ್ತು. ಉಳಿದದ್ದು 40,000. ಯಂತ್ರದ ಸಾಲದ ಬಡ್ಡಿಯನ್ನು ಲಾಭ ತೆಗೆಯುವಾಗಲೇ ಕಳೆಯಲಾಗಿದ್ದರೂ, ಅಸಲಿಗೆ ಕಟ್ಟಿದ ಎರಡು ಲಕ್ಷ ಲಾಭ-ನಷ್ಟದ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಮನೆಖರ್ಚಿಗೆ ತೆಗೆದ 5,40,000 ಕೂಡ ಕಾಣಿಸುವುದಿಲ್ಲ. ಇವೆರಡನ್ನೂ ಕಳೆದರೆ ಕೊರತೆ ಸರಿಯಾಗಿ ಏಳು ಲಕ್ಷ. ಬಂಗಾರದ ಸಾಲ ನಾಲ್ಕು ಲಕ್ಷ, ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯಂತೆ ತಂದ ಕೈಸಾಲ ಎರಡು ಲಕ್ಷ, ಜೋಳದ ದಲಾಲಿಗೆ ಏರಿದ ಬಾಕಿ 1,16,000, ಒಟ್ಟು 7,16,000 ರೂಪಾಯಿ ಆ ಕೊರತೆ ತುಂಬಲು ಬಂದಿತ್ತು. ಇಡೀ ವರ್ಷದ ವ್ಯವಹಾರದಲ್ಲಿ 16,000 ರೂಪಾಯಿಗೆ ಮಾತ್ರ ಲೆಕ್ಕ ಸಿಗಲಿಲ್ಲ. ಡೀಸೆಲ್, ಪಂಕ್ಚರ್, ಹಮಾಲಿ ಎಂದು ಚೀಟಿಯಿಲ್ಲದೆ ಹೋಗುವ ಹಣ ಇದಕ್ಕಿಂತ ಹೆಚ್ಚಿದ್ದರೂ ನಾನು ಆಶ್ಚರ್ಯಪಡುತ್ತಿರಲಿಲ್ಲ.

ಆಕೆ ಆ ಹಾಳೆಯನ್ನು ತಾವೇ ಕ್ಯಾಲ್ಕುಲೇಟರ್‌ನಲ್ಲಿ ಮತ್ತೊಮ್ಮೆ ಕೂಡಿಸಿ ನೋಡಿದರು. ಮೈದುನನ ವಿಷಯ ಆಮೇಲೆ ಮಾತಿಗೆ ಬರಲಿಲ್ಲ. ಕ್ಷಮೆ ಕೇಳಿಸುವ ಗೋಜಿಗೆ ನಾನೂ ಹೋಗಲಿಲ್ಲ.

ಎರಡನೆಯ ಭೇಟಿಯನ್ನು ಪೂರ್ತಿಯಾಗಿ ಒಂದೇ ಸರಕಿಗೆ, ಅಂದರೆ ವಿತರಕನಿಗೆ 42 ರೂಪಾಯಿಗೆ ಕೊಡುವ ರೊಟ್ಟಿ ಪ್ಯಾಕೆಟ್ಟಿಗೆ ಮೀಸಲಿಟ್ಟೆವು. ಜೋಳ, ಗ್ಯಾಸ್, ಬಡಿಯುವ ಕೂಲಿ, ಪ್ಯಾಕಿಂಗ್ ಸೇರಿ ಪ್ಯಾಕೆಟ್ಟಿಗೆ 31 ರೂಪಾಯಿ ಬೀಳುತ್ತದೆ, ಹನ್ನೊಂದು ರೂಪಾಯಿ ಉಳಿಯುತ್ತದೆ ಎಂಬುದು ಗಂಡನ ಲೆಕ್ಕ. ಆದರೆ ಖಡಕ್ ರೊಟ್ಟಿ ಸಾಗಣೆಯಲ್ಲಿ ಮುರಿಯುತ್ತದೆ, ಮುರಿದದ್ದನ್ನು ಅಂಗಡಿಯವರು ವಾಪಸ್ ಕಳಿಸುತ್ತಾರೆ. ನೂರರಲ್ಲಿ ಎಂಟು ಪ್ಯಾಕೆಟ್ ಮರಳಿದರೆ ಬರುವುದು 92 ಪ್ಯಾಕೆಟ್ಟಿನ 3,864 ರೂಪಾಯಿ, ಖರ್ಚು ಮಾತ್ರ ನೂರಕ್ಕೂ ಆಗಿರುವ 3,100. ಹನ್ನೊಂದು ಎಂದುಕೊಂಡದ್ದು 7 ರೂಪಾಯಿ 64 ಪೈಸೆಗೆ ಇಳಿಯಿತು. ಟೆಂಪೋ ಖರ್ಚು ಎರಡೂವರೆ ರೂಪಾಯಿ, ಉದ್ರಿಯಲ್ಲಿ ಎರಡು ತಿಂಗಳು ಸಿಕ್ಕಿಬೀಳುವ 31 ರೂಪಾಯಿಗೆ ಕೈಸಾಲದ ದರದಲ್ಲಿ ಸುಮಾರು ಒಂದೂಕಾಲು ರೂಪಾಯಿ ಬಡ್ಡಿ ಕಳೆದರೆ ಉಳಿದದ್ದು ನಾಲ್ಕಕ್ಕೂ ಕಡಿಮೆ. ಬಾಡಿಗೆ, ಕರೆಂಟು, ಮನೆಖರ್ಚು ಎಲ್ಲವೂ ಅದರಲ್ಲೇ ಹೊರಬೇಕು. ತಮ್ಮ ಅಂಗಡಿಯ ಕಟ್ಟೆಯ ಮೇಲೆ 55 ರೂಪಾಯಿ ನಗದಿಗೆ ಮಾರುವ ಅದೇ ಪ್ಯಾಕೆಟ್ 24 ರೂಪಾಯಿ ಉಳಿಸುತ್ತದೆ. ಮಾರಾಟ ಏರಿದ್ದು ಬಹುಪಾಲು ಉದ್ರಿಯ, ಕಡಿಮೆ ಉಳಿಕೆಯ ಕಡೆಗೆ ಎಂಬುದು ಅವರಿಗೆ ಆಗ ಮನವರಿಕೆಯಾಯಿತು.

ಕೊಟ್ಟ ಸಲಹೆಗಳಲ್ಲಿ ನಾನು ಪಟ್ಟು ಹಿಡಿದದ್ದು ಕಿರ್ದಿಯ ವಿಷಯದಲ್ಲಿ. ಪ್ರತಿ ರಾತ್ರಿ ಆರಂಭದ ಶಿಲ್ಕು (ಕೈಯಲ್ಲಿದ್ದ ನಗದು), ಜಮಾ, ಖರ್ಚು, ಆಖೈರು (ಕೊನೆಯ) ಶಿಲ್ಕು ಬರೆದು, ಗಲ್ಲಾದ ನಗದನ್ನು ಎಣಿಸಿ ತಾಳೆ ನೋಡಿ ಇಬ್ಬರು ಸಹಿ ಹಾಕಬೇಕು. ವಸೂಲಿಗೆ ಮೈದುನ ನಂಬರಿರುವ ರಸೀದಿ ಪುಸ್ತಕ ಒಯ್ಯಬೇಕು, ಏಕೆಂದರೆ ಅದು ಅವನನ್ನೇ ಮೊದಲು ಕಾಪಾಡುತ್ತದೆ. ಮನೆಖರ್ಚಿಗೆ ತಿಂಗಳ ಮೊದಲ ದಿನ 40,000 ರೂಪಾಯಿಯನ್ನು ಚಾಲ್ತಿ ಖಾತೆಯಿಂದ ಮನೆಯ ಖಾತೆಗೆ ವರ್ಗಾಯಿಸಿ, ನಡುವೆ ಗಲ್ಲಾಕ್ಕೆ ಕೈಹಾಕಬಾರದು. ಚಟ್ನಿಯ ಬಿಲ್ಲುಗಳ ಜಿಎಸ್‌ಟಿಯನ್ನು ಪಾರ್ಟಿ ಹಣ ಕೊಡಲಿ ಬಿಡಲಿ ಕಟ್ಟಬೇಕಾಗುವುದರಿಂದ ಅದಕ್ಕೆ ಬೇರೆ ಹಣ ತೆಗೆದಿಡಬೇಕು.

ಬಾಕಿಯ ವಿಷಯದಲ್ಲಿ ಕಾನೂನು ಇವರ ಕಡೆಗಿದೆ, ಆದರೆ ಇವರಿಗೆ ಅದು ಗೊತ್ತಿರಲಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಂದ ಮಾಲು ಪಡೆದವರು ಬರಹದ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ಅವಧಿಯಲ್ಲಿ, ಹೆಚ್ಚೆಂದರೆ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು, ಅದನ್ನು ಪಾವತಿಸುವ ವರ್ಷದವರೆಗೆ, ಖರೀದಿದಾರ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯುವಂತಿಲ್ಲ ಎಂಬ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ದೊಡ್ಡ ಪಾರ್ಟಿಗಳ ಲೆಕ್ಕಿಗರು ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಇದಕ್ಕಾಗಿ ಮೊದಲು ಉದ್ಯಮ್ ನೋಂದಣಿ, ಅಂದರೆ ಇಂಥ ಉದ್ಯಮಗಳ ಸರ್ಕಾರಿ ನೋಂದಣಿ, ಮಾಡಿಸಲು ಹೇಳಿದೆ. ಅದು ಉಚಿತ, ದಲ್ಲಾಳಿಗೆ ಹಣ ಕೊಡಬೇಕಾಗಿಲ್ಲ. ನೋಂದಣಿ ಸಂಖ್ಯೆಯನ್ನೂ 45 ದಿನಗಳ ಷರತ್ತನ್ನೂ ಪ್ರತಿ ಬಿಲ್ಲಿನ ಮೇಲೆ ಮುದ್ರಿಸಲು ಸೂಚಿಸಿದೆ. ಬಾಕಿ ಕೊಡದವರ ಮೇಲೆ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡುವ ದಾರಿಯೂ ಇದೆ. ಆದರೆ ದೂರು ಕೊಟ್ಟ ಪಾರ್ಟಿಯ ಜೊತೆ ವ್ಯಾಪಾರ ಮುಂದುವರಿಯುವುದು ಅಪರೂಪ, ಆದ್ದರಿಂದ ಅದನ್ನು ಕಡೆಯ ಅಸ್ತ್ರವಾಗಿ ಇಟ್ಟುಕೊಳ್ಳಲು ತಿಳಿಸಿದೆ.

ಕೈಸಾಲವನ್ನು ಬ್ಯಾಂಕಿನ ಕ್ಯಾಶ್ ಕ್ರೆಡಿಟ್‌ಗೆ (ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲಕ್ಕೆ) ಬದಲಾಯಿಸಬಹುದೇ ಎಂದು ಗಂಡ ಕೇಳಿದರು. ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರದಂತೆ ಬ್ಯಾಂಕುಗಳು ಅಂದಾಜು ವಾರ್ಷಿಕ ವಹಿವಾಟಿನ ಶೇಕಡ 20ರಷ್ಟನ್ನು ದುಡಿಯುವ ಬಂಡವಾಳವಾಗಿ ಕೊಡಬಹುದು. 72 ಲಕ್ಷದ ವಹಿವಾಟಿಗೆ ಅದು 14 ಲಕ್ಷ ದಾಟುತ್ತದೆ. ಅಷ್ಟನ್ನೂ ಕೇಳಬೇಡಿ, ಕೈಸಾಲ ಮತ್ತು ದಲಾಲಿಯ ಬಾಕಿ ತೀರುವಷ್ಟನ್ನೇ ಕೇಳಿ ಎಂದೆ. ವಸೂಲಿ ಬಿಗಿಯಾಗದೆ ಸಾಲದ ಮಿತಿ ಹಿಗ್ಗಿದರೆ ಆ ಹಣವೂ ಉದ್ರಿಯಾಗಿ ಹೊರಗೆ ಹೋಗುತ್ತದೆ.

ಮೂರು ತಿಂಗಳ ನಂತರ ಅವರು ಕಿರ್ದಿ ಪುಸ್ತಕದೊಂದಿಗೆ ಬಂದರು. ಬಾಕಿ ಒಂಬತ್ತರಿಂದ ಆರೂವರೆ ಲಕ್ಷಕ್ಕೆ ಇಳಿದಿತ್ತು. 45 ದಿನದ ಷರತ್ತು ಒಪ್ಪದ ಒಬ್ಬ ವಿತರಕ ಖರೀದಿ ನಿಲ್ಲಿಸಿದ್ದರಿಂದ ಮಾರಾಟ ತಿಂಗಳಿಗೆ 5,40,000ಕ್ಕೆ ಕುಸಿದಿತ್ತು. ಗಂಡನಿಗೆ ಅದು ಸೋಲಿನಂತೆ ಕಂಡರೂ ಕೈಸಾಲ ಪೂರ್ತಿ ತೀರಿತ್ತು. ಬಂಗಾರ ಇನ್ನೂ ಅಡವಿನಲ್ಲಿದೆ.

ಬಾಕಿ ಉಳಿದಿರುವ ಚರ್ಚೆ ಮೈದುನನ ಸಂಬಳದ್ದು. ಅವನು ಊಟ, ಪೆಟ್ರೋಲು, ಕೇಳಿದಾಗ ಕೊಡುವ ಕೈಖರ್ಚಿನ ಮೇಲೆ ದುಡಿಯುತ್ತಿದ್ದಾನೆ, ಮತ್ತು ಆ ಕೈಖರ್ಚು ಮನೆಖರ್ಚಿನಲ್ಲೇ ಸೇರಿಹೋಗಿದೆ. ಆ ಕೆಲಸಕ್ಕೆ ಹೊರಗಿನ ಚಾಲಕನನ್ನು ಇಟ್ಟರೆ ಕೊಡಬೇಕಾಗುವ ಸಂಬಳವನ್ನು, ಹಾಗೆಯೇ ಹೆಂಡತಿಯ ದುಡಿಮೆಗೆ ಒಂದು ಮೊತ್ತವನ್ನು ಖರ್ಚೆಂದು ಬರೆದಾಗ 7,20,000 ರೂಪಾಯಿಯ ಲಾಭದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಮುಂದಿನ ಭೇಟಿಗೆ ಮೂವರೂ ಕೂಡಿ ಲೆಕ್ಕ ಹಾಕಿ ತರಲು ಹೇಳಿದ್ದೇನೆ.