ಹಿರಿಯರನ್ನು ಅನುಸರಿಸಿದರೆ ಅದು ನಕಲೇ?

ಚೀನಾದ ಶಾಯಿ ಚಿತ್ರಗಳ ಮೇಲೆ ‘ಇಂಥ ಹಿರಿಯ ಚಿತ್ರಕಾರರನ್ನು ಅನುಸರಿಸಿ ಬರೆದದ್ದು’ ಎಂದು ಬರೆದಿರುತ್ತದಲ್ಲ, ಅದು ನಕಲು ಮಾಡಿದ್ದರ ಒಪ್ಪಿಗೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಅವರಲ್ಲಿ ಇದಕ್ಕೆ ಬೇರೆ ಬೇರೆ ಪದಗಳೇ ಇವೆ. ಮೂಲದ ಮೇಲೆ ಕಾಗದವಿಟ್ಟು ಗೆರೆ ಎತ್ತುವುದು ‘ಮೊ’, ಎದುರಿಗಿಟ್ಟುಕೊಂಡು ಬರೆಯುವುದು ‘ಲಿನ್’, ಹಿರಿಯರ ಕುಂಚದ ಬಗೆಯನ್ನು ಅರಗಿಸಿಕೊಂಡು ತಮ್ಮದೇ ಚಿತ್ರ ಬರೆಯುವುದು ‘ಫಾಂಗ್’. ನೀವು ನೋಡಿದ್ದು ಮೂರನೆಯದು.

ನನಗೆ ತುಂಬ ಪ್ರಿಯವಾದ ಉದಾಹರಣೆ ಹದಿನೈದನೇ ಶತಮಾನದ ಚೀನೀ ಚಿತ್ರಕಾರ ಶೆನ್ ಝೌ ಅವರದು. ಹಿರಿಯ ಚಿತ್ರಕಾರ ಹುವಾಂಗ್ ಗೊಂಗ್‌ವಾಂಗ್ 1350ರ ಸುಮಾರಿಗೆ ಬರೆದ ಫೂಚುನ್ ಬೆಟ್ಟಗಳ ಸುರುಳಿಚಿತ್ರ ಒಂದು ಕಾಲಕ್ಕೆ ಶೆನ್ ಝೌ ಅವರ ಬಳಿಯೇ ಇತ್ತು. ಅದರ ಮೇಲೆ ಒಕ್ಕಣೆ ಬರೆಸಲೆಂದು ಪರಿಚಿತರಿಗೆ ಕೊಟ್ಟರು. ಹಿಂತಿರುಗಿ ಬರಲೇ ಇಲ್ಲ. ಕೊನೆಗೆ 1487ರಲ್ಲಿ, ಅರವತ್ತರ ಆಸುಪಾಸಿನಲ್ಲಿ, ಬರಿಯ ನೆನಪಿನಿಂದ ಇಡೀ ಸುರುಳಿಯನ್ನು ಮತ್ತೆ ಬರೆದರು! ಎಷ್ಟು ಸಲ ಬಿಚ್ಚಿ ನೋಡಿರಬೇಕು ಅದನ್ನು. ಬೆಟ್ಟ, ಮರಗಳ ಜೋಡಣೆ ಹುವಾಂಗ್ ಅವರದು. ಗೆರೆ ಮಾತ್ರ ಶೆನ್ ಝೌ ಅವರದೇ, ಹೆಚ್ಚು ಗಟ್ಟಿ. ಜೊತೆಗೆ ತಿಳಿಬಣ್ಣವೂ ಇದೆ.

ಎರಡರ ಛಾಯಾಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೂಲ ಈಗ ಎರಡು ತುಂಡಾಗಿ ಹಾಂಗ್‌ಝೌ ಮತ್ತು ತೈಪೆಯಲ್ಲಿದೆ. ಶೆನ್ ಝೌ ಅವರದು ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ.